ತಿರುವಿನಲ್ಲಿ ಮುಗಿದ ಟ್ರಿಪ್

"ಬರ್ಲಿ, ಬರ್ಲಿ, ಬರ್ಲಿ... ಸಾಕು. ಈಗ ಎಡಕ್ಕೆ ಕಟ್ ಮಾಡು."

ಮೂರನೆಯ ಮಹಡಿಯಿಂದ ಇಳಿಯುವ ಮೆಟ್ಟಿಲ ತಿರುವಿನಲ್ಲಿ ಸ್ಟ್ರೆಚರ್ ಸಿಕ್ಕಿಕೊಂಡಿತ್ತು. ಕಟ್ಟಡಕ್ಕೆ ಲಿಫ್ಟ್ ಇತ್ತು. ಅದು ನಿಂತವರಿಗೆ, ಮಲಗಿದವರಿಗಲ್ಲ. ತಲೆಯ ಕಡೆ ಇಬ್ಬರು, ಕಾಲಿನ ಕಡೆ ಇಬ್ಬರು ಹಿಡಿದಿದ್ದರು. ನಾಲ್ವರೂ ಟ್ಯಾಕ್ಸಿ ಆ್ಯಪ್‌ಗೆ ಕಾರು ಓಡಿಸುವವರು. ಕೆಳಗಿನ ಮೆಟ್ಟಿಲಲ್ಲಿ ನಿಂತು ದಾರಿ ಹೇಳುತ್ತಿದ್ದ ಐದನೆಯವನನ್ನು ಜೊತೆಯವರು ಜಿರಾಫೆ ಎಂದೇ ಕರೆಯುತ್ತಿದ್ದರು. ಅವನ ಸೀಟು ಎಷ್ಟು ಹಿಂದಕ್ಕೆ ಸರಿದಿರುತ್ತಿತ್ತೆಂದರೆ ಅದರ ಹಿಂದೆ ಮಕ್ಕಳು ಮಾತ್ರ ಕೂರಬಹುದಿತ್ತು.

"ಎಡ ಅಂದ್ರೆ ನಿನ್ನ ಎಡಾನೋ ನನ್ನ ಎಡಾನೋ?" ತಲೆಯ ಕಡೆ ಹಿಡಿದವನು ಕೇಳಿದ.

"ಗಾಡಿ ಎಡ."

"ಇಲ್ಲಿ ಗಾಡಿ ಯಾವ್ದಪ್ಪ?"

ಜಿರಾಫೆ ಸ್ಟ್ರೆಚರಿನತ್ತ ಬೆರಳು ತೋರಿಸಿ, "ಹಾರನ್ನಿನ ಎಡ" ಎಂದ.

ಹಾರನ್ ಎಂದರೆ ಬಿಳಿ ಬಟ್ಟೆಯಡಿ ಮಲಗಿದ್ದವನು. ಮೊದಲು ಕಾರ್ಖಾನೆಯ ಪಾಳಿ ಬಸ್ಸು, ಕಾರ್ಖಾನೆ ಮುಚ್ಚಿದ ಮೇಲೆ ಸಾಲದ ಕಾರು ಎಂದು ಅರ್ಧ ಆಯುಷ್ಯ ರಸ್ತೆಯ ಮೇಲೇ ಕಳೆದವನು. ಅವನು ಹಾರನ್ ಒತ್ತಿದ್ದನ್ನು ಕೇಳಿದವರು ಯಾರೂ ಇರಲಿಲ್ಲ. ಅದಕ್ಕೇ ಆ ಹೆಸರು.

"ಅವ್ನೇ ಆಗಿದ್ರೆ ಒಂದೇ ಸಲಕ್ಕೆ ತೆಗೀತಿದ್ದ," ಎಂದಿತು ಕಾಲಿನ ಕಡೆಯ ಒಂದು ದನಿ. "ಬಸ್ಸನ್ನೇ ಓಣಿಯೊಳಗೆ ತಿರುಗಿಸ್ತಿದ್ದೋನು."

ಹೆಂಡತಿ ಮೇಲಿನ ಮೆಟ್ಟಿಲಲ್ಲಿ ನಿಂತಿದ್ದಳು. ಹೋಟೆಲೊಂದರ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಇಸ್ತ್ರಿ ಮಾಡುವುದು ಅವಳ ಕೆಲಸ. ಶವವಾಹನದವರು ಹೊದಿಸಿದ ಬಟ್ಟೆಯ ಒಂದು ಮೂಲೆ ಬಿಚ್ಚಿ ಗೋಡೆಗೆ ಉಜ್ಜುತ್ತಿತ್ತು. ಅವಳು ಎರಡು ಮೆಟ್ಟಿಲು ಇಳಿದು, ಆ ಮೂಲೆಯನ್ನು ಮಡಚಿ, ಒಳಕ್ಕೆ ತುರುಕಿ, ಮತ್ತೆ ಮೇಲೆ ಹೋಗಿ ನಿಂತಳು. ಅತ್ತಿರಲಿಲ್ಲ. ಬೆಳಗ್ಗೆಯಿಂದ ಅವಳ ದವಡೆ ಬಿಗಿದೇ ಇತ್ತು.

"ನಿಧಾನಕ್ಕೆ ಇಳಿಸಿ," ಎಂದಳು. "ಅವಸರ ಮಾಡಿ ಆಗಿದ್ದೇ ಸಾಕು."

ಕೆಳಗೆ, ಗೇಟಿನ ಹತ್ತಿರ ಶವವಾಹನ ನಿಂತಿತ್ತು. ಅದರ ಹಿಂದೆ ಗೋಡೆಯುದ್ದಕ್ಕೂ ಕಾರುಗಳ ಸಾಲು. ಕಾರು ನಿಲ್ಲಿಸುವ ಅಂಗಳದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ಒಂದರಲ್ಲಿ, ವಾಕರನ್ನು ಎದುರಿಗಿಟ್ಟುಕೊಂಡು, ಟೆಲಿಫೋನ್ ಎಕ್ಸ್‌ಚೇಂಜಿನಿಂದ ನಿವೃತ್ತಳಾದ ಒಬ್ಬ ಅಜ್ಜಿ ಕೂತಿದ್ದಳು. ವಾರಕ್ಕೆ ಮೂರು ಸಲ ಡಯಾಲಿಸಿಸ್ ಮಾಡಿಸಿಕೊಳ್ಳಲು ಆಸ್ಪತ್ರೆಗೆ ಹೋಗಿಬರುತ್ತಿದ್ದವಳು. ಹಾರನ್ನಿನ ಕೊನೆಯ ಪ್ರಯಾಣಿಕಳು ಅವಳೇ.

ಹೆಂಡತಿಯ ಅಣ್ಣ ಮೆಟ್ಟಿಲ ಬುಡದಲ್ಲಿ ತಂಗಿಯನ್ನು ತಡೆದ. ಟೈಲ್ಸ್ ಅಂಗಡಿಯಲ್ಲಿ ಮ್ಯಾನೇಜರ್ ಆಗಿದ್ದವನು. ಸಾವಿನ ಮನೆಯಲ್ಲೂ ಯಾರು ಎಲ್ಲಿ ನಿಲ್ಲಬೇಕೆಂದು ಹೇಳುತ್ತಿದ್ದ.

"ಕಂಪನಿಯೋರು ಬಂದಿದ್ದಾರಮ್ಮ. ಹೂವು ತಂದಿದ್ದಾರೆ."

"ಇಟ್ಟು ಹೋಗ್ಲಿ."

"ಬರೀ ಹೂವಲ್ಲ." ಅಣ್ಣ ದನಿ ತಗ್ಗಿಸಿದ. "ಏನೋ ಕೊಡೋ ಮನಸ್ಸು ಮಾಡಿದ್ದಾರೆ. ಇವತ್ತೇ ಮುಗಿಸಬೇಕಂತೆ. ನೀನು ಸ್ವಲ್ಪ ಬಾಯಿ ಮೆತ್ತಗೆ ಇಟ್ಕೋ."

*

ಬಸ್ಸಿನಿಂದ ಕಾರಿಗೆ ಬಂದ ಮೊದಲ ವರ್ಷ ಹಾರನ್ನಿಗೆ ಅರ್ಥವಾಗದೇ ಇದ್ದದ್ದು ಒಂದೇ: ರೇಟಿಂಗ್. ಆ್ಯಪ್‌ನ ನಕ್ಷೆ ಪ್ರತಿ ಟ್ರಿಪ್ಪಿಗೂ ಒಂದು ಹೊತ್ತು ಲೆಕ್ಕ ಹಾಕುತ್ತಿತ್ತು. ಆ ಲೆಕ್ಕದಲ್ಲಿ ರಸ್ತೆಯಿತ್ತು, ಸಿಗ್ನಲ್ ಇತ್ತು. ಗೇಟು ತೆರೆಯಲು ಎದ್ದು ಬರುವ ಕಾವಲುಗಾರ ಇರಲಿಲ್ಲ. ಮಂಡಿ ನೋವಿನ ಮುದುಕರು ಇಳಿಯುವ ಹೊತ್ತು ಇರಲಿಲ್ಲ. ಡಿಕ್ಕಿಯಿಂದ ಸಾಮಾನು ತೆಗೆಯುವುದಂತೂ ಇಲ್ಲವೇ ಇಲ್ಲ. ಮುಗಿಸುವುದು ತಡವಾದಷ್ಟೂ ಡ್ರೈವರನ ಅಂಕ ಇಳಿಯುತ್ತಿತ್ತು. ಅಂಕ ಇಳಿದವನಿಗೆ ದೂರದ ಒಳ್ಳೆಯ ಬುಕಿಂಗ್ ಹೋಗುತ್ತಿರಲಿಲ್ಲ.

"ಅಣ್ಣಾ, ನೀನು ಬುದ್ಧಿವಂತನೋ ಪೆದ್ದನೋ?" ಎಂದು ಕೇಳಿದ್ದ ಜಿರಾಫೆ, ಗ್ಯಾಸ್ ತುಂಬಿಸುವ ಸಾಲಿನಲ್ಲಿ ನಿಂತಾಗ. "ಕೊನೇ ತಿರುವು ಬಂತಾ? ಅಲ್ಲೇ ಫೋನ್ ಮೇಲಿನ ಪಟ್ಟೀನ ಹೆಬ್ಬೆರಳಲ್ಲಿ ಎಳೆದುಬಿಡು. ಟ್ರಿಪ್ ಮುಗೀತು. ಆಮೇಲೆ ಆರಾಮಾಗಿ ಗೇಟಿಗೆ ಹೋಗು, ಇಳಿಸು, ಬೇಕಿದ್ರೆ ಜೋಗುಳ ಹಾಡು."

"ಮನೆ ಇನ್ನೂ ಬಂದಿರಲ್ವಲ್ಲ."

"ಬರುತ್ತಲ್ಲಪ್ಪ, ಮನೆಯೇನು ಓಡಿಹೋಗುತ್ತಾ?"

"ಬಸ್ಸಲ್ಲಿ ಕೊನೇ ಜನ ಇಳಿಯೋ ತನಕ ನಾನು ಇಂಜಿನ್ ಆರಿಸ್ತಿರ್ಲಿಲ್ಲ."

"ಅದು ಸಂಬಳ. ಇದು ಆ್ಯಪ್."

ಜಿರಾಫೆ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಊರಿನ ಎಲ್ಲ ಡ್ರೈವರುಗಳೂ ತಿರುವಿನಲ್ಲಿ ಮುಗಿಸುತ್ತಿದ್ದರು. ಪ್ರಯಾಣಿಕರಿಗೆ ಅದರಿಂದ ನಷ್ಟವಿಲ್ಲ. ದರ ಮೊದಲೇ ನಿಗದಿಯಾಗಿರುತ್ತಿತ್ತು. ಕಂಪನಿಗೂ ಗೊತ್ತಿತ್ತು. ಎಲ್ಲ ಕಾರುಗಳೂ ಎಲ್ಲಿ ನಿಂತಿವೆ, ಎಲ್ಲಿ ಚಲಿಸುತ್ತಿವೆ ಎಂದು ಕ್ಷಣ ಕ್ಷಣಕ್ಕೂ ನೋಡುವ ಕಂಪನಿಗೆ, ಮುಗಿದ ಟ್ರಿಪ್ಪುಗಳೆಲ್ಲ ಗೇಟಿನವರೆಗೆ ಉರುಳುವುದು ಕಾಣದೇ ಇರಲು ಸಾಧ್ಯವಿಲ್ಲ. ವರ್ಷಕ್ಕೊಮ್ಮೆ "ಟ್ರಿಪ್ಪನ್ನು ಸ್ಥಳ ತಲುಪಿದ ಮೇಲಷ್ಟೇ ಮುಗಿಸಿ" ಎಂದು ಸಂದೇಶ ಬರುತ್ತಿತ್ತು. ನಕ್ಷೆಯ ಲೆಕ್ಕ ಮಾತ್ರ ಬದಲಾಗುತ್ತಿರಲಿಲ್ಲ. ಮುಗಿದಷ್ಟು ಬೇಗ ಕಾರು ಮುಂದಿನ ಬುಕಿಂಗಿಗೆ ಸಿಗುತ್ತಿತ್ತು.

ಕಾರಿನ ಎರಡು ಕಂತು ತಪ್ಪಿದ ಮೇಲೆ ಹಾರನ್ ಕೂಡ ಎಳೆಯಲು ಕಲಿತ.

*

ಕಂಪನಿಯವನಿಗೆ ಮೂವತ್ತು ದಾಟಿರಲಿಲ್ಲ. ಕೊರಳಲ್ಲಿ ನೀಲಿ ಪಟ್ಟಿಯ ಗುರುತಿನ ಕಾರ್ಡು, ಕೈಯಲ್ಲಿ ಟ್ಯಾಬ್. ಹೂವಿನ ಬುಟ್ಟಿಯ ಮೇಲೆ ಕಂಪನಿಯ ಹೆಸರಿನ ರಿಬ್ಬನ್ನಿತ್ತು, ಸತ್ತವನ ಹೆಸರಿರಲಿಲ್ಲ. ಸ್ಟ್ರೆಚರ್ ವಾಹನದೊಳಗೆ ಹೋಗುವ ತನಕ ಅವನು ತಲೆತಗ್ಗಿಸಿ ನಿಂತಿದ್ದು, ಆಮೇಲೆ ಹೆಂಡತಿಯ ಬಳಿ ಬಂದ.

"ನಾನು ಪಾಲುದಾರರ ಕ್ಷೇಮ ವಿಭಾಗದಿಂದ ಬಂದಿದ್ದೀನಿ ಮೇಡಂ. ನಿಮ್ಮ ದುಃಖದಲ್ಲಿ ನಮ್ಮ ಇಡೀ ಕಂಪನಿ ಕುಟುಂಬ ಇದೆ."

"ಕುಟುಂಬವಂತೆ," ಎಂದ ಜಿರಾಫೆ, ಯಾರಿಗೂ ಹೇಳದವನ ಹಾಗೆ. "ಎಂಟು ತಿಂಗಳು ಒಬ್ಬ ನೆಂಟನೂ ಈ ಕಡೆ ತಲೆ ಹಾಕ್ಲಿಲ್ಲ."

"ಏಯ್, ಸುಮ್ನಿರಪ್ಪ," ಅಣ್ಣ ಗದರಿದ. "ನೀವು ಹೇಳಿ ಸಾರ್."

ಕಂಪನಿಯವನು ಟ್ಯಾಬ್ ತಿರುಗಿಸಿದ. ಕಂಪನಿಯ ಬಳಿ ಒಂದು ಸಹಾನುಭೂತಿ ನಿಧಿಯಿದೆ. ಕಾನೂನಿನ ಪ್ರಕಾರ ಕೊಡಲೇಬೇಕೆಂದೇನಿಲ್ಲ, ಮಾನವೀಯತೆಯಿಂದ ಕೊಡುವುದು. ಮೊತ್ತ ಅಲ್ಲೇ ಬರೆದಿದೆ. ಹೆಂಡತಿ ಓದಿ, ಕೆಳಗಿನ ಹಸಿರು ಪಟ್ಟಿಯನ್ನು ಬೆರಳಲ್ಲಿ ಎಳೆದರೆ ಸಾಕು. ಸಂಜೆಯೊಳಗೆ ಖಾತೆಗೆ ಬರುತ್ತದೆ. ಇವತ್ತಿನ ಖರ್ಚಿಗೂ ಆಗುತ್ತದೆ ಎಂದು ಅಂದುಕೊಂಡೆವು, ಎಂದ.

ಮಗಳು ಅಮ್ಮನ ಭುಜದ ಮೇಲಿಂದ ಬಗ್ಗಿದಳು. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿ. ಡಬ್ಬಿಗಳ ಸಣ್ಣ ಅಕ್ಷರ ಓದಿ ಓದಿ ಅವಳ ಕಣ್ಣು ಸೀದಾ ಅಲ್ಲಿಗೇ ಹೋಗುತ್ತಿತ್ತು.

"ಇದೇನಿದು? 'ಘಟನೆಯ ವೇಳೆ ಪಾಲುದಾರರು ಟ್ರಿಪ್‌ನಲ್ಲಿರಲಿಲ್ಲ, ವೈಯಕ್ತಿಕ ಕಾರಣದಿಂದ ಅಲ್ಲಿದ್ದರು ಎಂಬುದನ್ನು ಕುಟುಂಬ ಒಪ್ಪುತ್ತದೆ.'"

"ಅದು ಎಲ್ಲದರಲ್ಲೂ ಇರೋ ಸಾಲು," ಎಂದ ಕಂಪನಿಯವನು.

"ಎಲ್ಲದರಲ್ಲೂ ಅಂದ್ರೆ? ಇಂಥವು ತುಂಬಾ ಇವೆಯಾ?"

ಅವನು ತೋಳಿನಿಂದ ಟ್ಯಾಬಿನ ಪರದೆ ಒರೆಸಿದ.

*

ಎಂಟು ತಿಂಗಳ ಹಿಂದಿನ ಆ ದಿನ ಟೆಲಿಫೋನ್ ಅಜ್ಜಿಯನ್ನು ಆಸ್ಪತ್ರೆಯಿಂದ ಮನೆಗೆ ತರುವಾಗ ಹಾರನ್ ಅವಳ ಕಟ್ಟಡಕ್ಕೆ ಮುಂಚಿನ ತಿರುವಿನಲ್ಲಿ ಟ್ರಿಪ್ ಮುಗಿಸಿದ. ಗೇಟಿನ ಮುಂದೆ ಕಾರು ನಿಲ್ಲಿಸಿ, ಹಿಂದಿನ ಬಾಗಿಲು ತೆರೆದು, "ಕೂತಿರಿ ಅಮ್ಮ, ಗಾಡಿ ತರ್ತೀನಿ" ಎಂದ. ವಾಕರನ್ನು ಅವನು ಗಾಡಿ ಎಂದೇ ಕರೆಯುತ್ತಿದ್ದ. ಡಿಕ್ಕಿ ತೆರೆದು ಬಗ್ಗಿದಾಗ ಗೇಟಿನೊಳಗಿಂದ ಪಾರ್ಸೆಲ್ ವ್ಯಾನೊಂದು ಹಿಮ್ಮುಖವಾಗಿ ಬಂತು. ಅದನ್ನು ಓಡಿಸುತ್ತಿದ್ದವನಿಗೂ ಯಾವುದೋ ಒಂದು ನಕ್ಷೆಯ ಅವಸರವಿದ್ದಿರಬೇಕು. ವ್ಯಾನಿಗೂ ಕಾರಿಗೂ ನಡುವೆ ಸಿಕ್ಕಿದವನು ಕೂಗಿದ್ದನ್ನು ಅಜ್ಜಿ ಕೇಳಲಿಲ್ಲ. ಕಾರು ಒಮ್ಮೆ ಮುಂದಕ್ಕೆ ಜಿಗಿದದ್ದು ಮಾತ್ರ ಅವಳಿಗೆ ತಿಳಿಯಿತು. ವ್ಯಾನು ನಿಲ್ಲಲಿಲ್ಲ. ಗೇಟಿನ ಕ್ಯಾಮೆರಾಕ್ಕೆ ಅದರ ಬಣ್ಣ ಕಂಡಿತು, ನಂಬರು ಕಾಣಲಿಲ್ಲ.

ಅಜ್ಜಿ ಕಾರಿನಿಂದ ತಾನೇ ಇಳಿಯಲಾರಳು. ಆಂಬುಲೆನ್ಸಿಗೆ ಕರೆ ಮಾಡಲು ಫೋನು ತೆರೆದಾಗ ಪರದೆಯ ಮೇಲೆ ಐದು ನಕ್ಷತ್ರಗಳಿದ್ದವು. "ನಿಮ್ಮ ಪ್ರಯಾಣ ಹೇಗಿತ್ತು?" ಎಂದು ಕೇಳುತ್ತಿತ್ತು. ಅದನ್ನು ಸರಿಸುವುದು ಹೇಗೆಂದು ಅವಳಿಗೆ ಗೊತ್ತಿರಲಿಲ್ಲ. ಐದನ್ನೂ ಒತ್ತಿದ ಮೇಲಷ್ಟೇ ಕರೆ ಮಾಡುವ ಪುಟ ಬಂತು.

ಸೊಂಟದ ಮೂಳೆ ಪುಡಿಯಾಗಿತ್ತು. ಆಪರೇಷನ್ ಆಯಿತು, ಸೋಂಕಾಯಿತು, ಮತ್ತೆ ಆಪರೇಷನ್ ಆಯಿತು. ಕಾರನ್ನು ಸಾಲ ಕೊಟ್ಟವರು ಎಳೆದುಕೊಂಡು ಹೋದರು. ಅವನನ್ನು ಇದೇ ಮೆಟ್ಟಿಲಲ್ಲಿ ಹೊತ್ತು ತಂದು ಕಿಟಕಿಯ ಪಕ್ಕದ ಮಂಚದಲ್ಲಿ ಮಲಗಿಸಿದರು. ಅಲ್ಲಿಂದ ಹೆಂಡತಿ ಫೋನು ಹಿಡಿದಳು.

ಕಾರಿನ ವಿಮೆಯವರು ಹೇಳಿದರು: "ನಿಮ್ಮದು ಸ್ವಂತ ಬಳಕೆಯ ವಿಮೆ. ಅವರು ಬಾಡಿಗೆ ಪ್ರಯಾಣಿಕರನ್ನ ಇಳಿಸ್ತಾ ಇದ್ರು. ಅಂದ್ರೆ ಕೆಲಸದ ಮೇಲಿದ್ರು. ಕಂಪನೀನ ಕೇಳಿ."

ಕಂಪನಿಯ ದನಿ ಹೇಳಿತು: "ನಮ್ಮ ಅಪಘಾತ ವಿಮೆ ಟ್ರಿಪ್ ಒಪ್ಪಿದಾಗಿಂದ ಮುಗಿಸೋ ತನಕ ಮಾತ್ರ. ಅವರು ಮುಗಿಸಿ ಆಗಿತ್ತು. ಅಂದ್ರೆ ಸ್ವಂತ ಸಮಯ. ನಿಮ್ಮ ವಿಮೆಯೋರನ್ನ ಕೇಳಿ."

ಕಾರ್ಮಿಕರ ಪರಿಹಾರದ ಕಚೇರಿಯಲ್ಲಿ ಗುಮಾಸ್ತ ಪಾಪದವನು. "ಅಕ್ಕಾ, ಇಲ್ಲಿ ಕೊಡೋದು ಕೆಲಸಗಾರರಿಗೆ. ಕಂಪನಿ ಇವ್ರನ್ನ ಪಾಲುದಾರ ಅಂತ ಬರೆದಿದೆ," ಎಂದ.

"ಪಾಲುದಾರ ಆದ್ರೆ ಪಾಲು ಎಲ್ಲಿ?"

"ಅದನ್ನ ನಾನು ಹೇಳೋ ಹಾಗಿಲ್ಲ ಅಕ್ಕಾ."

ಡಿಕ್ಕಿ ಹೊಡೆದ ವ್ಯಾನಿನ ವಿಮೆಯಿಂದ ಪಡೆಯಬಹುದಿತ್ತು, ವ್ಯಾನು ಸಿಕ್ಕಿದ್ದರೆ. ಪೊಲೀಸರು ಹುಡುಕುತ್ತಿದ್ದೇವೆ ಎಂದರು. ಎತ್ತು ಏರಿಗೆಳೆದರೆ ಕೋಣ ನೀರಿಗೆ ಎಳೆಯಿತು. ನಡುವೆ ಗಾಡಿ ಮಂಚದ ಮೇಲೆ ಮಲಗಿತ್ತು.

"ವಿಮೆಯೋರನ್ನೂ ಕಂಪನಿಯೋರನ್ನೂ ಎದುರು ಬದುರು ಕೂರಿಸಿ ಕೇಳೇ," ಎಂದ ಒಂದು ದಿನ ಹಾರನ್, ಛಾವಣಿ ನೋಡುತ್ತ. "ಆ ಹೊತ್ತಲ್ಲಿ ನಾನು ಎಲ್ಲಿದ್ದೆ ಅಂತ. ಕೆಲಸದಲ್ಲೂ ಇರ್ಲಿಲ್ಲ, ಮನೇಲೂ ಇರ್ಲಿಲ್ಲ. ಆ ವ್ಯಾನಿನೋನಿಗೆ ಮಾತ್ರ ಹೇಗೋ ಸಿಕ್ಬಿಟ್ಟೆ."

ಡ್ರೈವರುಗಳ ಸಂಘದ ವಕೀಲೆ ಒಂದು ದಾರಿ ಹೇಳಿದ್ದಳು. ಕಾರ್ಮಿಕ ನ್ಯಾಯಾಲಯಕ್ಕೆ ಹೋಗಬಹುದು. ಎಲ್ಲರೂ ತಿರುವಿನಲ್ಲೇ ಮುಗಿಸುತ್ತಾರೆ, ಮುಗಿಸಿದ ಮೇಲೂ ಪ್ರಯಾಣಿಕರು ಕಾರಿನಲ್ಲೇ ಇರುತ್ತಾರೆ, ಅದು ಕಂಪನಿಗೆ ಗೊತ್ತು ಎಂದು ತೋರಿಸಬೇಕು. ಅದಕ್ಕೆ ಓಡಿಸುತ್ತಿರುವ ಡ್ರೈವರುಗಳೇ ಬಂದು, ಹೌದು, ನಾವೂ ಹೀಗೇ ಮಾಡುತ್ತೇವೆ ಎಂದು ಹೇಳಬೇಕು. ಹೇಳಿದವನ ಐಡಿಯನ್ನು ಕಂಪನಿ ಮರುದಿನವೇ ಮುಚ್ಚಬಹುದು. ಒಬ್ಬನೂ ಬರಲಿಲ್ಲ. ಜಿರಾಫೆಯೂ ಬರಲಿಲ್ಲ. ಎರಡು ತಿಂಗಳು ಅವನು ಮಂಚದ ಹತ್ತಿರ ಬಂದಾಗಲೆಲ್ಲ ಹಣ್ಣು ತಂದ. ಹೆಂಡತಿ ಅವನ್ನು ಕೊಳೆಯಲು ಬಿಟ್ಟಳು.

*

"ಒಂದು ಮಾತು ಹೇಳ್ತೀನಿ ಕೇಳು," ಎಂದ ಅಣ್ಣ. ಅವನು ತಂಗಿಯನ್ನು ಕಾರುಗಳ ಸಾಲಿನ ಹತ್ತಿರಕ್ಕೆ ಕರೆದುಕೊಂಡು ಹೋಗಿದ್ದ, ಆದರೆ ಎಲ್ಲರಿಗೂ ಕೇಳುತ್ತಿತ್ತು. "ಮನೆ ಬಾಡಿಗೆ ನಿಂತಿದೆ. ಆಸ್ಪತ್ರೆ ಬಾಕಿ ಇದೆ. ಸತ್ತೋನು ಕೆಲಸದಲ್ಲಿದ್ನೋ ಇಲ್ವೋ, ಈಗ ಏನು ವ್ಯತ್ಯಾಸ? ಒಂದು ಸಾಲು ತಾನೆ. ಎಳೆದುಬಿಡು."

"ವ್ಯತ್ಯಾಸ ಇಲ್ಲ ಅಂದ್ರೆ, ಆ ಒಂದು ಸಾಲಿಗೆ ಇವ್ರು ಯಾಕಣ್ಣ ದುಡ್ಡು ಕೊಡ್ತಿದ್ದಾರೆ?"

ಅಣ್ಣ ಕಂಪನಿಯವನ ಕಡೆ ತಿರುಗಿ ನೋಡಿದ.

"ಮೂಗಿಗೆ ತುಪ್ಪ ಸವರೋಕೆ ಬಂದಿದ್ದಾರೆ," ಎಂದಳು ಅವಳು. "ಅದೂ ಮೂಗು ಕುಯ್ದ ಮೇಲೆ."

ಕಂಪನಿಯವನು ಹತ್ತಿರ ಬಂದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಮೇಲಿನವರಿಗೆ ಏನು ಹೇಳುವುದೆಂಬ ಚಿಂತೆಯಿತ್ತು. "ಮೇಡಂ, ನನ್ನ ಕೈಲಿ ಏನೂ ಇಲ್ಲ. ನಿಯಮ ಸ್ಪಷ್ಟ ಇದೆ. ಟ್ರಿಪ್ ಮುಗೀತು ಅಂದ್ರೆ ಡ್ರೈವರ್ ಕೆಲಸದಲ್ಲಿಲ್ಲ. ಪ್ರಯಾಣಿಕರು ಕಾರಲ್ಲಿಲ್ಲ. ಸಿಸ್ಟಮ್‌ಗೆ ಗೊತ್ತಿರೋದು ಅಷ್ಟೇ."

"ನಾನಿದ್ದೆನಲ್ಲ ಕಾರಲ್ಲಿ," ಎಂದಳು ಟೆಲಿಫೋನ್ ಅಜ್ಜಿ ಕುರ್ಚಿಯಿಂದ. ಮೂವತ್ತು ವರ್ಷ ಲೈನು ಜೋಡಿಸಿದ ದನಿ. ಏರಿಸದೆಯೇ ಅಂಗಳವೆಲ್ಲ ಕೇಳಿಸಿತು. "ನಾನೇನು ದೆವ್ವವಾ?"

"ನಿಮ್ಮ ಬಗ್ಗೆ ಅಲ್ಲಮ್ಮ."

"ಮತ್ಯಾರ ಬಗ್ಗೆ? ಅವನು ತೆಗೀತಿದ್ದದ್ದು ನನ್ನ ವಾಕರನ್ನ. ಅವನ ವೈಯಕ್ತಿಕ ಕಾರಣ ಅಂದ್ರೆ ಇದೇ ನೋಡು." ಅವಳು ವಾಕರನ್ನು ಒಮ್ಮೆ ಎತ್ತಿ ನೆಲಕ್ಕೆ ಕುಟ್ಟಿದಳು.

ಹೆಂಡತಿ ಕಂಪನಿಯವನನ್ನೇ ನೋಡುತ್ತಿದ್ದಳು. ನೋಡುತ್ತ ನೋಡುತ್ತ ಅವಳ ದವಡೆ ಸಡಿಲವಾಯಿತು.

ಮೇಲಿನ ಮನೆಯ ಕಿಟಕಿಯಿಂದ ರಸ್ತೆಯ ತಿರುವು ಕಾಣುತ್ತಿತ್ತು. ಎಂಟು ತಿಂಗಳು ಹಾರನ್ನಿಗೆ ಇದ್ದ ನೋಟ ಅದೊಂದೇ. ಟ್ರಾನ್ಸ್‌ಫಾರ್ಮರಿನ ಹತ್ತಿರ ಕಾರುಗಳು ತಿರುಗುವಾಗ ಬ್ರೇಕಿನ ದೀಪ ಒಂದು ಚಿಟಿಕೆಯಷ್ಟು ಹೊತ್ತಿ ಆರುತ್ತಿತ್ತು. ಡ್ರೈವರನ ಒಂದು ಕೈ ಸ್ಟೀರಿಂಗ್ ಬಿಡುತ್ತಿತ್ತು. "ನೋಡು, ಮುಗಿಸಿದ," ಎನ್ನುತ್ತಿದ್ದ ಅವನು. "ಇವನೂ ಮುಗಿಸಿದ." ಅವಳು ಅನ್ನ ಕಲಸಿ ತಿನ್ನಿಸುವಾಗ, ಹಾಸಿಗೆ ಬದಲಿಸುವಾಗ ಅದೇ ಆಟ. ಕೆಲವೊಮ್ಮೆ ಇಬ್ಬರೂ ನಗುತ್ತಿದ್ದರು. ಕೊನೆಕೊನೆಗೆ ಅವನಿಗೆ ತಲೆ ಎತ್ತಲಾಗದಾದಾಗ, ಅವಳೇ ನೋಡಿ ಹೇಳುತ್ತಿದ್ದಳು.

ಇವತ್ತು ಬೆಳಗ್ಗೆಯೂ ಅವಳು ಆ ಕಿಟಕಿಯಲ್ಲಿ ನಿಂತಿದ್ದಳು. ಬಿಳಿ ಕಾರೊಂದು ಬಂದಿತ್ತು. ದೀಪ ಹೊತ್ತಿ ಆರಿತ್ತು. ಆ ಕಾರಿನಿಂದ ಗೇಟಿನಲ್ಲಿ ಹೂವಿನ ಬುಟ್ಟಿಯೊಂದು ಇಳಿದಿತ್ತು.

"ನೀವು ಹೇಗೆ ಬಂದ್ರಿ?" ಎಂದು ಕೇಳಿದಳು.

"ಅಂದ್ರೆ?"

"ಇಲ್ಲಿಗೆ."

"ನಮ್ಮದೇ ಆ್ಯಪ್ ಕಾರಲ್ಲಿ. ನಮಗೆ ಅದೇ ನಿಯಮ."

"ಎಲ್ಲಿ ಇಳಿದ್ರಿ?"

"ಇಲ್ಲೇ, ಗೇಟಲ್ಲಿ."

"ಟ್ರಿಪ್ ಎಲ್ಲಿ ಮುಗೀತು?"

ಕಂಪನಿಯವನು ನಕ್ಕ, ಪ್ರಶ್ನೆ ಅರ್ಥವಾಗದವರು ನಗುವ ಹಾಗೆ. ಆಮೇಲೆ ನಗು ನಿಂತಿತು. ಮಗಳು ಕೈ ಚಾಚಿದ್ದಳು.

"ಫೋನ್ ತೋರಿಸಿ ಸಾರ್. ನಿಮ್ಮ ಸಿಸ್ಟಮ್‌ಗೆ ಏನು ಗೊತ್ತಿದೆ ಅಂತ ನಾವೂ ನೋಡ್ತೀವಿ."

ಅವನು ಫೋನ್ ಕೊಡಲಿಲ್ಲ. ಆದರೆ ತಾನೇ ತೆರೆದು ನೋಡಿದ; ಅದೇ ಅವನ ತಪ್ಪಾಯಿತು. ಪಕ್ಕದಲ್ಲಿದ್ದ ಜಿರಾಫೆ ಬಗ್ಗುವ ಅಗತ್ಯವೂ ಇರಲಿಲ್ಲ, ಅವನ ಎತ್ತರಕ್ಕೆ ಎಲ್ಲ ಕಾಣುತ್ತಿತ್ತು. ನಕ್ಷೆಯಲ್ಲಿ ನೀಲಿ ಗೆರೆ ಟ್ರಾನ್ಸ್‌ಫಾರ್ಮರಿನ ತಿರುವಿನವರೆಗೆ ಬಂದು ನಿಂತಿತ್ತು. ಕೆಳಗೆ ಐದು ನಕ್ಷತ್ರ.

"ತಿರುವಲ್ಲೇ ಮುಗಿದಿದೆ," ಎಂದು ಜಿರಾಫೆ ಎಲ್ಲರಿಗೂ ಹೇಳಿದ. "ಸಾರ್ ಅಲ್ಲಿಂದ ಇಲ್ಲಿ ತನಕ ಯಾವ್ದ್ರಲ್ಲೂ ಬಂದಿಲ್ಲ. ಗಾಳೀಲಿ ಬಂದಿದ್ದಾರೆ."

ಯಾರೋ ನಕ್ಕರು, ಸಾವಿನ ಮನೆಯೆಂದು ನೆನಪಾಗಿ ಕೆಮ್ಮಿದರು.

"ಅಷ್ಟರಲ್ಲಿ ಒಂದು ವ್ಯಾನ್ ಬಂದು ಗುದ್ದಿದ್ರೆ ನೀವು ಯಾರ ಲೆಕ್ಕ ಸಾರ್?" ಮಗಳು ಕೇಳಿದಳು. "ಕಂಪನಿ ಲೆಕ್ಕವಾ, ಸ್ವಂತ ಲೆಕ್ಕವಾ? ನಿಮ್ಮ ಅಮ್ಮನಿಗೂ ಹಸಿರು ಪಟ್ಟಿ ಕಳಿಸ್ತಾರಾ?"

ಕಂಪನಿಯವನು ಸಾಲಿನ ಕೊನೆಯಲ್ಲಿದ್ದ ಬಿಳಿ ಕಾರಿನತ್ತ ನೋಡಿದ. ಅದರ ಬಾಗಿಲಿಗೊರಗಿ ನಿಂತಿದ್ದ ಡ್ರೈವರ್ ದಪ್ಪ ಮೀಸೆಯವನು, ಮೂರು ಮಕ್ಕಳ ತಂದೆ; ಹಾರನ್ನಿನ ಪರಿಚಯದವನಾದ್ದರಿಂದ ಸಾವಿಗೆಂದು ಅಲ್ಲೇ ಉಳಿದಿದ್ದ. ಆ ನೋಟ ತನ್ನ ಮೇಲೆ ಬಿದ್ದದ್ದೇ ಅವನ ಮುಖ ಬಿಳಿಚಿತು. ಹೆಂಡತಿಗೆ ಆಗ ತಿಳಿಯಿತು, ತಾನು ಕಂಪನಿಯನ್ನು ಹಿಡಿಯಲು ಹೋಗಿ ಯಾರನ್ನು ಹಿಡಿದುಕೊಟ್ಟೆ ಎಂದು.

"ಅವನ ಐಡಿ ಮುಟ್ಟಬೇಡಿ," ಎಂದಳು. "ಕೇಳಿದ್ದು ನಾನು."

"ಇದು ಆಟೊಮ್ಯಾಟಿಕ್ ಮೇಡಂ. ಸಿಸ್ಟಮ್ ತಾನೇ..."

"ಮುಟ್ಟಲಿ ಬಿಡಕ್ಕಾ," ಎಂದ ಜಿರಾಫೆ. "ಮೊದ್ಲು ನನ್ನ ನಂಬರ್ ಬರ್ಕೊಳ್ಳಿ. ಹಾರನ್ನಿಗೆ ತಿರುವಲ್ಲಿ ಎಳೆಯೋಕೆ ಹೇಳಿಕೊಟ್ಟೋನು ನಾನು. ನನಗೆ ಹೇಳಿಕೊಟ್ಟಿದ್ದು ನಿಮ್ಮ ರೇಟಿಂಗು. ಇದನ್ನ ನಾನು ಎರಡು ತಿಂಗಳ ಹಿಂದೆ ವಕೀಲೆ ಹತ್ರ ಹೇಳಬೇಕಿತ್ತು. ಕಾರಿನ ಕಂತಿಗೆ ಹೆದರಿ ಸೇಬು ತಂದುಕೊಟ್ಟೆ."

ಕಾರಿಗೊರಗಿದ್ದ ಮೀಸೆಯವನು ನೆಟ್ಟಗೆ ನಿಂತ. "ನಂದು ಬಿಳೀ ಕಾರು," ಎಂದ. "ನಂಬರ್ ಇವ್ರ ಫೋನಲ್ಲೇ ಇದೆ. ನಾಳೆ ವಕೀಲೆ ಎಲ್ಲಿ ಸಿಗ್ತಾರೆ ಹೇಳು."

ಹೆಂಡತಿ ಟ್ಯಾಬ್ ಕೇಳಿದಳು. ಅವಳು ಹಸಿರು ಪಟ್ಟಿಯನ್ನೂ ಅದರ ಮೇಲಿನ ಸಾಲನ್ನೂ ಒಮ್ಮೆ ಓದಿದಳು. ಆಮೇಲೆ ಟ್ಯಾಬನ್ನು ಮುಖ ಕೆಳಗೆ ಮಾಡಿ ಹೂವಿನ ಬುಟ್ಟಿಯ ಮೇಲಿಟ್ಟು, ಬುಟ್ಟಿಯನ್ನು ಅವನ ಕೈಗೇ ಕೊಟ್ಟಳು.

"ನನ್ನ ಗಂಡ ಕೆಲಸ ಮಾಡ್ತಾ ಸತ್ತ. ಎಂಟು ತಿಂಗಳು ತಗೊಂಡ, ಅಷ್ಟೇ. ಆ ಒಂದು ಸಾಲನ್ನ ನೀವು ಬರೆದು ತನ್ನಿ, ನಾನು ಎಳೀತೀನಿ."

ಅವನು ಬುಟ್ಟಿ ಹಿಡಿದು ನಿಂತ. ಅದನ್ನು ಎಲ್ಲಿಡಬೇಕೆಂದು ಯಾರೂ ಹೇಳಲಿಲ್ಲ.

ಶವವಾಹನದ ಬಾಗಿಲು ಮುಚ್ಚಿತು. ಜಿರಾಫೆ ತನ್ನ ಕಾರಿನ ಹಿಂದಿನ ಬಾಗಿಲು ತೆರೆದ. ಹೆಂಡತಿ ಕೂರಲಿಲ್ಲ.

"ಮಗಳೇ, ಬುಕ್ ಮಾಡು," ಎಂದಳು.

"ಏನಮ್ಮ?"

"ಇಲ್ಲಿಂದ ಸ್ಮಶಾನಕ್ಕೆ. ಆ್ಯಪ್‌ನಲ್ಲಿ. ನಾನು ಟ್ರಿಪ್ಪಲ್ಲೇ ಹೋಗೋದು."

ಮಗಳು ಅವಳ ಮುಖ ನೋಡಿ ಫೋನ್ ತೆಗೆದಳು. ಜಿರಾಫೆಯ ಫೋನು ಹೊಡೆದುಕೊಂಡಿತು. ಅವನು ಒಪ್ಪಿದ. ಅಜ್ಜಿಯೂ ತನ್ನ ಫೋನ್ ತೆಗೆದಳು. ಮೀಸೆಯವನ ಫೋನು ಹೊಡೆದುಕೊಂಡಿತು. ಒಬ್ಬರಾದ ಮೇಲೊಬ್ಬರು ಬಂದವರೆಲ್ಲ ತೆಗೆದರು. ಕೊನೆಗೆ ಅಣ್ಣ ಜೇಬು ತಡಕಿದ.

"ನಂದ್ರಲ್ಲಿ ಆ ದರಿದ್ರದ ಆ್ಯಪ್ ಇಲ್ಲ," ಎಂದ ತಂಗಿಯ ಮಗಳಿಗೆ. "ಹಾಕ್ಕೊಡು."

ಸಾಲು ಹೊರಟಿತು. ಟ್ರಾನ್ಸ್‌ಫಾರ್ಮರಿನ ತಿರುವಿನಲ್ಲಿ ಕಂಪನಿಯವನು ಬುಟ್ಟಿಯನ್ನು ಕಂಕುಳಲ್ಲಿ ಇಟ್ಟುಕೊಂಡು, ಫೋನನ್ನು ಮೇಲಕ್ಕೆ ಹಿಡಿದು ನಡೆಯುತ್ತಿದ್ದ. ಸುತ್ತ ಇಷ್ಟು ಕಾರುಗಳಿದ್ದರೂ ಅವನಿಗೆ ಒಂದೂ ಸಿಗುತ್ತಿರಲಿಲ್ಲ.

ಸ್ಮಶಾನದ ರಸ್ತೆಗೂ ಒಂದು ಕೊನೆಯ ತಿರುವಿತ್ತು. ಅಲ್ಲಿ ಜಿರಾಫೆಯ ಕೈ ತಾನಾಗಿಯೇ ಸ್ಟೀರಿಂಗ್ ಬಿಟ್ಟು ಫೋನಿನ ಕಡೆ ಹೋಯಿತು. ಹಿಂದಿನ ಸೀಟಿನಿಂದ ಹೆಂಡತಿ ನೋಡುತ್ತಿದ್ದಳು. ಹೆಬ್ಬೆರಳು ಪರದೆಯ ಹತ್ತಿರ ಒಂದು ಕ್ಷಣ ನಿಂತು, ಮಡಚಿಕೊಂಡು, ಸ್ಟೀರಿಂಗಿಗೆ ಮರಳಿತು.

ಗೇಟಿನಲ್ಲಿ ಅವನು ಇಳಿದು ಫೋನನ್ನು ಅಂಗಿಯ ಜೇಬಿಗೆ ಹಾಕಿಕೊಂಡ. ಶವವಾಹನದ ಹಿಂಬಾಗಿಲು ತೆರೆಯಿತು. ಅವನು, ಮೀಸೆಯವನು, ಇನ್ನಿಬ್ಬರು ಸ್ಟ್ರೆಚರಿಗೆ ಭುಜ ಕೊಟ್ಟರು. ಒಳಗೆ ಹೋಗುವ ದಾರಿ ಉದ್ದವಿತ್ತು, ತುಸು ಏರಾಗಿತ್ತು. ಹೆಂಡತಿ ಬಟ್ಟೆಯ ಮೂಲೆ ಹಿಡಿದು ಪಕ್ಕದಲ್ಲಿ ನಡೆದಳು. ಅವಳ ಹಿಂದೆ ವಾಕರಿನ ಸದ್ದು.

ಮೊದಲು ಜಿರಾಫೆಯ ಜೇಬಿನಲ್ಲಿ ಹೆಣ್ಣು ದನಿಯೊಂದು ಮಾತಾಡಿತು. "ನೀವು ಸ್ಥಳ ತಲುಪಿದ್ದೀರಿ. ಟ್ರಿಪ್ ಮುಗಿಸಲು ಎಳೆಯಿರಿ." ಆಮೇಲೆ ಮೀಸೆಯವನ ಜೇಬಿನಲ್ಲಿ ಅದೇ ದನಿ. ಆಮೇಲೆ ಹಿಂದಿನ ಇಬ್ಬರ ಜೇಬಿನಲ್ಲಿ, ಒಂದರ ಮಾತಿನ ಮೇಲೆ ಇನ್ನೊಂದು ಬೀಳುತ್ತ. "ನಿಮಗೆ ತಡವಾಗಿದೆ. ಟ್ರಿಪ್ ಮುಗಿಸಲು ಎಳೆಯಿರಿ." ಏರಿನ ಕೊನೆಯವರೆಗೂ ಅದು ಹೇಳುತ್ತಲೇ ಇತ್ತು. ಯಾರ ಕೈಯೂ ಖಾಲಿ ಇರಲಿಲ್ಲ.